ಎರವಲು ಕೊಟ್ಟ ಗಾಡಿಗೆ ಹೊಣೆ ಯಾರು?

ಒಕ್ಕಲುತನವು ಒಬ್ಬನ ಕೈಯಿಂದ ಸಾಗುವ ಕೆಲಸವಲ್ಲ. ನಮ್ಮ ಹಿರಿಯರು ಇದನ್ನು ಚೆನ್ನಾಗಿ ಬಲ್ಲವರಾಗಿದ್ದರು. ಒಂದೇ ಎತ್ತು ಇದ್ದವನು ಇನ್ನೊಂದು ಎತ್ತು ಇದ್ದವನೊಡನೆ ಕೂಡಿ ಜೋಡಿ ಕಟ್ಟುತ್ತಿದ್ದನು. ಇಂದು ನಿನ್ನ ಹೊಲ, ನಾಳೆ ನನ್ನ ಹೊಲ ಎಂದು ಮುಯ್ಯಿ ಆಳುಗಳು ತಿರುಗುತ್ತಿದ್ದರು. ಕೂರಿಗೆ, ಕುಂಟೆ, ಬಂಡಿ, ಹಗ್ಗ, ಮಿಣಿಗಳು ಮನೆಯಿಂದ ಮನೆಗೆ ಎರವಲು ಹೋಗಿ ಬರುತ್ತಿದ್ದವು. ಕೇಳುವವನಿಗೆ ನಾಚಿಕೆಯಿರಲಿಲ್ಲ, ಕೊಡುವವನಿಗೆ ಹಮ್ಮು ಇರಲಿಲ್ಲ.

ಈಗ ಎತ್ತಿನ ಜಾಗಕ್ಕೆ ಟ್ರ್ಯಾಕ್ಟರು ಬಂದಿದೆ. ಬಂಡಿಯ ಜಾಗಕ್ಕೆ ಜೀಪು, ಟೆಂಪೊ, ಕಾರುಗಳು ಬಂದಿವೆ. ಮೋಟಾರ್ ಸೈಕಲ್ಲಂತೂ ಮನೆ ಮನೆಗೂ ಆಗಿದೆ. ಆದರೆ ಎರವಲಿನ ರೂಢಿ ಮಾತ್ರ ಹಳೆಯದೇ ಉಳಿದಿದೆ. “ಚಾವಿ ಕೊಡು, ತಾಸಿನೊಳಗೆ ಬಂದೆ” ಎನ್ನುವುದು, ಗೂಟಕ್ಕೆ ತೂಗಹಾಕಿದ ಚಾವಿಯನ್ನು ಕೈಗೆ ಕೊಡುವುದು, ಇಷ್ಟರಲ್ಲೇ ವ್ಯವಹಾರ ಮುಗಿಯುತ್ತದೆ. ಮಿಣಿ ಹರಿದರೆ ಹೊಸ ಮಿಣಿ ಹೊಸೆದು ಕೊಡಬಹುದಾಗಿತ್ತು. ಮೋಟಾರು ಗಾಡಿಯ ಮಾತು ಹಾಗಲ್ಲ. ಅದು ತಾನೂ ಮುರಿಯುತ್ತದೆ, ದಾರಿಯಲ್ಲಿ ಹೋಗುವ ಮೂರನೆಯವನ ಮೈಯನ್ನೂ ಮುರಿಯುತ್ತದೆ. ಆಗ ಹೊಣೆ ಯಾರದು? ಈ ಪ್ರಶ್ನೆಯನ್ನು ಚಾವಿ ಕೊಡುವಾಗ ಯಾರೂ ಕೇಳುವುದಿಲ್ಲ. ಅಪಘಾತವಾದ ಮೇಲೆ ಎಲ್ಲರೂ ಕೇಳುತ್ತಾರೆ.

ನಮ್ಮ ಮನೆಯದೇ ಮಾತನ್ನು ಹೇಳುತ್ತೇವೆ. ನಮ್ಮಲ್ಲಿ ಒಂದು ಹಳೆಯ ಕಾರು ಇದೆ. ಬಾಲ್ಯದ ಗೆಳೆಯನೊಬ್ಬನು ಬಂದು, ಬಾಣಂತಿ ಸೊಸೆಯನ್ನೂ ಕೂಸನ್ನೂ ಸೊಲ್ಲಾಪುರದ ಆಸ್ಪತ್ರೆಯಿಂದ ಕರೆತರಬೇಕು, ಒಂದು ದಿನದ ಮಟ್ಟಿಗೆ ಕಾರು ಬೇಕು ಎಂದನು. ಇಂಥ ಕೆಲಸಕ್ಕೆ ಇಲ್ಲವೆನ್ನುವವರು ಯಾರು? ಕೊಟ್ಟೆವು. ಮರಳಿ ಬರುವಾಗ, ಊರು ಇನ್ನು ಐದು ಕಿಲೋಮೀಟರು ಇರುವಲ್ಲಿ, ಅಡ್ಡ ಬಂದ ಎಮ್ಮೆಯನ್ನು ತಪ್ಪಿಸಲು ಹೋಗಿ ಎದುರಿನ ಮೋಟಾರ್ ಸೈಕಲ್ಲಿಗೆ ತಾಗಿಸಿ, ಸೇತುವೆಯ ಕಟ್ಟೆಗೆ ಗುದ್ದಿದನು. ದೇವರ ದಯೆ, ಬಾಣಂತಿ ಮತ್ತು ಕೂಸಿಗೆ ಏನೂ ಆಗಲಿಲ್ಲ. ಸೈಕಲ್ಲಿನವನ ಕಾಲು ಮುರಿಯಿತು. ಕಾರಿನ ಮುಖ ಜಜ್ಜಿಹೋಯಿತು.

ವಿಮೆ ಚಾಲ್ತಿಯಲ್ಲಿತ್ತು, ಅದೂ ಪೂರ್ಣ ವಿಮೆ. ಆದುದರಿಂದ ನಾವು ಧೈರ್ಯವಾಗಿಯೇ ಇದ್ದೆವು. ಆದರೆ ಕಾಗದಪತ್ರ ತೆಗೆದಾಗ ತಿಳಿದುದೇನೆಂದರೆ, ಗೆಳೆಯನ ಲೈಸೆನ್ಸಿನ ಅವಧಿ ನಾಲ್ಕು ತಿಂಗಳ ಹಿಂದೆಯೇ ತೀರಿತ್ತು. ಅವನು ನೋಡಿಕೊಂಡಿರಲಿಲ್ಲ, ನಾವು ಕೇಳಿರಲಿಲ್ಲ. ಕಾರಿನ ದುರಸ್ತಿಗೆ ವಿಮಾ ಕಂಪನಿ ಒಂದು ಕಾಸನ್ನೂ ಕೊಡಲಿಲ್ಲ. ಗಾಯಗೊಂಡವನ ದಾವೆ ಇನ್ನೂ ನಡೆದಿದೆ. ಆ ಹಣವನ್ನು ತಾನು ಕೊಟ್ಟರೂ ನಮ್ಮಿಂದ ವಸೂಲು ಮಾಡುವೆನೆಂದು ಕಂಪನಿ ಹೇಳಿದೆ. ಬಿತ್ತಿಗೆಯ ದಿನಗಳಲ್ಲಿ ಇಬ್ಬರ ಕೈಯಲ್ಲೂ ರೊಕ್ಕವಿರಲಿಲ್ಲ. “ಗಾಡಿ ನಿನ್ನದು” ಎಂದು ಅವನು, “ನಡೆಸಿದವನು ನೀನು” ಎಂದು ನಾವು. ಒಂದೇ ಬದುವಿನ ಎರಡು ಕಡೆ ಹೊಲವಿದ್ದವರು ಆರು ತಿಂಗಳು ಮಾತು ಬಿಟ್ಟೆವು. ಕೊನೆಗೆ ಹಿರಿಯರು ಕೂಡಿಸಿ ದುರಸ್ತಿಯ ಖರ್ಚನ್ನು ಅರ್ಧ ಅರ್ಧ ಮಾಡಿಸಿದರು. ಮಾತು ಮರಳಿ ಬಂದಿದೆ. ಮೊದಲಿನ ಸಲಿಗೆ ಇನ್ನೂ ಬಂದಿಲ್ಲ.

ಕೊಟ್ಟವನು ಕೋಡಂಗಿ, ಇಸಗೊಂಡವನು ಈರಭದ್ರ ಎಂಬ ಗಾದೆಯನ್ನು ಆಗ ನಾವೂ ಹೇಳಿಕೊಂಡೆವು. ಈಗ ಕಾನೂನು ಬಲ್ಲವರನ್ನು ಕೇಳಿ ತಿಳಿದ ಮೇಲೆ, ಕೋಡಂಗಿತನ ಕೊಟ್ಟುದರಲ್ಲಿ ಇರಲಿಲ್ಲ, ಕೇಳದೆ ಕೊಟ್ಟುದರಲ್ಲಿ ಇತ್ತು ಎಂಬುದು ಮನದಟ್ಟಾಗಿದೆ. ಆ ತಿಳಿವಳಿಕೆಯನ್ನು ಒಕ್ಕಲಿಗ ಬಾಂಧವರ ಮುಂದೆ ಇಡುವುದೇ ಈ ಬರಹದ ಉದ್ದೇಶ.

ಗಾಯಗೊಂಡವನ ಹಕ್ಕು

ಎರವಲು ಗಾಡಿಯ ಅಪಘಾತದಲ್ಲಿ ಎರಡು ಲೆಕ್ಕಗಳಿವೆ. ಗಾಯಗೊಂಡ ಹೊರಗಿನವನಿಗೆ ಯಾರು ಕೊಡಬೇಕು ಎಂಬುದು ಒಂದು. ಮುರಿದ ಗಾಡಿಯ ಖರ್ಚನ್ನು ಗೆಳೆಯರಿಬ್ಬರಲ್ಲಿ ಯಾರು ಹೊರಬೇಕು ಎಂಬುದು ಇನ್ನೊಂದು. ಇವೆರಡನ್ನೂ ಕಲಸಿಬಿಡುವುದರಿಂದಲೇ ಅರ್ಧ ಜಗಳ ಹುಟ್ಟುತ್ತದೆ.

ಮೊದಲನೆಯ ಲೆಕ್ಕಕ್ಕೆ 1988ರ ಮೋಟಾರು ವಾಹನ ಕಾಯಿದೆಯೇ ಆಧಾರ. ಗಾಡಿಯ ನೋಂದಣಿ ಯಾರ ಹೆಸರಿನಲ್ಲಿದೆಯೋ ಅವನೇ ಕಾಯಿದೆಯ ಕಣ್ಣಿನಲ್ಲಿ ಮಾಲೀಕ. ಗಾಯಗೊಂಡವನು ಪರಿಹಾರ ಕೇಳುವಾಗ ಚಾಲಕ, ಮಾಲೀಕ, ವಿಮಾ ಕಂಪನಿ ಈ ಮೂವರನ್ನೂ ಎದುರಾಳಿಗಳನ್ನಾಗಿ ಮಾಡುವುದು ರೂಢಿ. “ನಾನು ಗಾಡಿಯಲ್ಲಿ ಇರಲೇ ಇಲ್ಲ” ಎಂದು ಮಾಲೀಕನು ಹೇಳಿ ಪಾರಾಗುವಂತಿಲ್ಲ. 2019ರಲ್ಲಿ ತಿದ್ದುಪಡಿಯಾದ ಕಾಯಿದೆಯ 164ನೆಯ ಕಲಮಿನ ಪ್ರಕಾರ, ಯಾರ ತಪ್ಪು ಎಂಬುದನ್ನು ಸಿದ್ಧಪಡಿಸದೆಯೇ ಮಾಲೀಕನು ಅಥವಾ ಅವನ ವಿಮೆಯವರು ಸಾವಿಗೆ 5 ಲಕ್ಷ ರೂಪಾಯಿ, ತೀವ್ರ ಗಾಯಕ್ಕೆ ಎರಡೂವರೆ ಲಕ್ಷ ರೂಪಾಯಿ ಕೊಡಬೇಕಾಗುತ್ತದೆ. ಚಾಲಕನ ತಪ್ಪನ್ನು ತೋರಿಸಿ 166ನೆಯ ಕಲಮಿನಡಿ ದಾವೆ ಹೂಡಿದರೆ ಪರಿಹಾರ ಇದಕ್ಕಿಂತ ಬಹಳ ಹೆಚ್ಚೂ ಆಗಬಹುದು.

ಇಂಥ ಭಾರವನ್ನು ಒಬ್ಬ ರೈತನ ಮನೆ ಹೊರಲಾರದು. ಅದಕ್ಕಾಗಿಯೇ ಮೂರನೆಯವರ ವಿಮೆಯನ್ನು ಕಡ್ಡಾಯ ಮಾಡಿದ್ದಾರೆ. ಸಮಾಧಾನದ ಮಾತೆಂದರೆ, ನಮ್ಮಲ್ಲಿ ವಿಮೆಯು ಗಾಡಿಯನ್ನು ಹಿಂಬಾಲಿಸುತ್ತದೆ, ಮಾಲೀಕನೊಬ್ಬನನ್ನೇ ಅಲ್ಲ. ಮಾಲೀಕನ ಒಪ್ಪಿಗೆಯಿಂದ, ಸರಿಯಾದ ಲೈಸೆನ್ಸ್ ಇದ್ದವನು ನಡೆಸಿದರೆ, ಅವನು ಗೆಳೆಯನಾಗಲಿ ನೆಂಟನಾಗಲಿ ವಿಮೆ ಅನ್ವಯಿಸುತ್ತದೆ. ಗಾಡಿಯನ್ನು ಎರವಲು ಕೊಟ್ಟ ಮಾತ್ರಕ್ಕೆ ವಿಮೆ ಕೆಡುವುದಿಲ್ಲ.

ಕೆಡುವುದು ಬೇರೆ ಕಾರಣಗಳಿಂದ. ಲೈಸೆನ್ಸ್ ಇಲ್ಲದಿರುವುದು ಅಥವಾ ಅವಧಿ ತೀರಿರುವುದು ಒಂದು. ಕುಡಿದು ನಡೆಸುವುದು ಇನ್ನೊಂದು. ಸ್ವಂತ ಬಳಕೆಗೆಂದು ವಿಮೆ ಮಾಡಿಸಿದ ಗಾಡಿಯನ್ನು ಬಾಡಿಗೆಗೆ ಬಿಡುವುದು ಮೂರನೆಯದು. ಗೆಳೆಯನಿಂದ ದಿನಕ್ಕೆ ಇಷ್ಟು ಎಂದು ರೊಕ್ಕ ತೆಗೆದುಕೊಂಡರೆ ಅದು ಎರವಲು ಹೋಗಿ ಬಾಡಿಗೆ ಆಗುತ್ತದೆ, ಎಚ್ಚರಿಕೆ. ಟ್ರ್ಯಾಕ್ಟರಿನ ಮಡ್‌ಗಾರ್ಡಿನ ಮೇಲೆ, ಟ್ರೈಲರಿನಲ್ಲಿ ಜನರನ್ನು ಕೂರಿಸಿ ಜಾತ್ರೆಗೆ ಒಯ್ಯುವುದೂ ಹೀಗೆಯೇ. ಟ್ರ್ಯಾಕ್ಟರಿಗೆ ಇರುವ ಸೀಟು ಒಂದೇ, ಅದು ಚಾಲಕನದು. ಉಳಿದವರಿಗೆ ಏನಾದರೂ ಆದರೆ ಕಂಪನಿಯವರು ತಕರಾರು ಎತ್ತುವುದು ಖಚಿತ.

ಹೀಗೆ ಕರಾರು ಮುರಿದಾಗ ಗಾಯಗೊಂಡವನ ಗತಿಯೇನು? 2004ರಲ್ಲಿ ಸುಪ್ರೀಂ ಕೋರ್ಟು ಲೈಸೆನ್ಸಿನ ವಿಷಯದಲ್ಲಿ ಒಂದು ದಾರಿ ತೋರಿಸಿತು. ಬಡಪಾಯಿಯನ್ನು ಬರಿಗೈಯಲ್ಲಿ ಕಳಿಸಬಾರದು, ಕಂಪನಿ ಮೊದಲು ಹಣ ಕೊಡಲಿ, ಮಾಲೀಕನು ತಿಳಿದೋ ಉದಾಸೀನದಿಂದಲೋ ತಪ್ಪು ಮಾಡಿದ್ದರೆ ಆಮೇಲೆ ಅವನಿಂದ ವಸೂಲು ಮಾಡಿಕೊಳ್ಳಲಿ ಎಂಬುದೇ ಆ ದಾರಿ. ಗಾಯಗೊಂಡವನಿಗೆ ಇದು ನ್ಯಾಯ. ಆದರೆ ಮಾಲೀಕನ ಕುತ್ತಿಗೆಗೆ ಇದು ಉರುಳು. ಲೈಸೆನ್ಸನ್ನು ನೋಡಿ ಕೊಟ್ಟೆನೋ ನೋಡದೆ ಕೊಟ್ಟೆನೋ ಎಂಬ ಒಂದೇ ಮಾತಿನ ಮೇಲೆ ಅವನ ಎರಡು ಎಕರೆ ಉಳಿಯುವುದು ಇಲ್ಲವೇ ಹೋಗುವುದು.

ಲೈಸೆನ್ಸ್ ಇಲ್ಲದವನ ಕೈಗೆ ಗಾಡಿ ಕೊಡುವುದು ಸ್ವತಃ ಅಪರಾಧವೂ ಹೌದು. ಅದಕ್ಕೆ ಮೂರು ತಿಂಗಳವರೆಗಿನ ಸೆರೆವಾಸ, 5,000 ರೂಪಾಯಿ ದಂಡ, ಅಥವಾ ಎರಡೂ ಇವೆ. ಹದಿನೆಂಟು ತುಂಬದ ಹುಡುಗರಿಗೆ ಕೊಟ್ಟರಂತೂ ಕೇಳುವುದೇ ಬೇಡ. ಹುಡುಗನು ತಪ್ಪೆಸಗಿದರೆ ಅವನ ಪಾಲಕನು ಅಥವಾ ಗಾಡಿಯ ಮಾಲೀಕನು ತಪ್ಪಿತಸ್ಥನೆಂದೇ ಎಣಿಸಲ್ಪಡುತ್ತಾನೆ. ಮೂರು ವರ್ಷಗಳವರೆಗೆ ಸೆರೆವಾಸ, 25,000 ರೂಪಾಯಿ ದಂಡ, ಹನ್ನೆರಡು ತಿಂಗಳು ನೋಂದಣಿ ರದ್ದು. ಹುಡುಗ ಜಾಣ, ಆರನೆಯ ಇಯತ್ತೆಯಿಂದಲೇ ಟ್ರ್ಯಾಕ್ಟರು ಹೊಡೆಯುತ್ತಾನೆ ಎಂದು ಕಟ್ಟೆಯ ಮೇಲೆ ಕೂತು ಹೆಮ್ಮೆ ಪಡುವವರು ಇದನ್ನು ಮರೆಯಬಾರದು.

ಗೆಳೆಯರಿಬ್ಬರ ನಡುವೆ

ಇನ್ನು ಎರಡನೆಯ ಲೆಕ್ಕ. ಕಡ್ಡಾಯ ವಿಮೆ ಮಾತ್ರ ಮಾಡಿಸಿದವರಿಗೆ ತಮ್ಮ ಗಾಡಿಯ ದುರಸ್ತಿಗೆ ಕಂಪನಿಯಿಂದ ಏನೂ ಬರುವುದಿಲ್ಲ. ಪೂರ್ಣ ವಿಮೆ ಇದ್ದವರಿಗೂ ಪಾಲಿಸಿಯಲ್ಲಿ ಹೇಳಿದಷ್ಟು ಮೊತ್ತ ಕಡಿತವಾಗುತ್ತದೆ, ಹಳೆಯ ಬಿಡಿಭಾಗಗಳಿಗೆ ಸವಕಳಿ ಹಿಡಿಯುತ್ತಾರೆ. ಮೇಲಾಗಿ, ಯಾವ ಹಣವನ್ನೂ ಕೇಳದೆ ವರ್ಷ ಕಳೆದವರಿಗೆ ಕಂತಿನಲ್ಲಿ ಶೇಕಡಾ 20ರಿಂದ ಆರಂಭಿಸಿ ಶೇಕಡಾ 50ರವರೆಗೆ ಸಿಗುವ ರಿಯಾಯಿತಿಯೂ ಒಮ್ಮೆ ದುರಸ್ತಿಯ ಹಣ ಪಡೆದರೆ ಹೋಗುತ್ತದೆ. ಹೀಗೆ ವಿಮೆ ಇದ್ದರೂ ಮಾಲೀಕನಿಗೆ ನಷ್ಟವಿದೆ. ಈ ನಷ್ಟವನ್ನು ಯಾರು ತುಂಬಬೇಕು?

ಇದಕ್ಕೆ ಉತ್ತರ ಮೋಟಾರು ಕಾಯಿದೆಯಲ್ಲಿಲ್ಲ. 1872ರ ಕರಾರು ಕಾಯಿದೆಯಲ್ಲಿದೆ. ಅದನ್ನು ಬರೆದಾಗ ನಮ್ಮ ನಾಡಿನಲ್ಲಿ ಮೋಟಾರು ಗಾಡಿ ಇರಲಿಲ್ಲ. ಆದುದರಿಂದ ಅದರಲ್ಲಿ ಕೊಟ್ಟ ಉದಾಹರಣೆಗಳು ಕುದುರೆಯವು. ಎತ್ತು ಕಟ್ಟಿ ಬಾಳಿದ ನಮಗೆ ಅವು ಬೇಗನೆ ಅರ್ಥವಾಗುತ್ತವೆ.

ಎರವಲು ಪಡೆದವನು ಆ ವಸ್ತುವನ್ನು, ವಿವೇಕಿಯಾದ ಮನುಷ್ಯನು ತನ್ನ ಸ್ವಂತ ವಸ್ತುವನ್ನು ನೋಡಿಕೊಳ್ಳುವಷ್ಟು ಜೋಪಾನದಿಂದ ನೋಡಿಕೊಳ್ಳಬೇಕು. ಅಷ್ಟು ಜೋಪಾನ ಮಾಡಿಯೂ ನಷ್ಟವಾದರೆ, ಬೇರೆ ಕರಾರು ಇಲ್ಲದಿದ್ದಲ್ಲಿ, ಅವನು ಹೊಣೆಯಲ್ಲ. ರಸ್ತೆಯ ಬದಿಗೆ ಸರಿಯಾಗಿ ನಿಲ್ಲಿಸಿದ ಗಾಡಿಗೆ ಲಾರಿ ಬಂದು ಗುದ್ದಿದರೆ ಗೆಳೆಯನ ಕೊರಳಪಟ್ಟಿ ಹಿಡಿಯುವುದು ಸಲ್ಲದು. ಅವನೇ ಮೊಬೈಲಿನಲ್ಲಿ ಮಾತಾಡುತ್ತ ಹೋಗಿ ಗಿಡಕ್ಕೆ ಗುದ್ದಿದರೆ ತುಂಬಿಕೊಡಬೇಕಾದವನು ಅವನೇ.

ಹೇಳಿದ ಕೆಲಸ ಬಿಟ್ಟು ಬೇರೆಯದಕ್ಕೆ ಬಳಸಿದರೆ ಮಾತೇ ಬೇರೆ. ನೀನು ಮಾತ್ರ ಹತ್ತು ಎಂದು ಕುದುರೆ ಕೊಟ್ಟಾಗ ಪಡೆದವನು ಅದನ್ನು ತನ್ನ ಮನೆಯ ಇನ್ನೊಬ್ಬನಿಗೆ ಹತ್ತಲು ಕೊಟ್ಟನು. ಆ ಇನ್ನೊಬ್ಬನು ಜೋಪಾನವಾಗಿಯೇ ನಡೆಸಿದರೂ ಕುದುರೆ ಆಕಸ್ಮಿಕವಾಗಿ ಬಿದ್ದು ಗಾಯಗೊಂಡಿತು. ಆದರೂ ಎರವಲು ಪಡೆದವನೇ ಹೊಣೆ ಎಂದು ಕಾಯಿದೆ ಹೇಳುತ್ತದೆ. ನಮ್ಮ ಹಳ್ಳಿಗಳಲ್ಲಿ ಇದು ದಿನದ ಮಾತು. ಗಾಡಿ ಕೇಳುವವನು ಅಣ್ಣ, ನಡೆಸುವವನು ತಮ್ಮ, ಗುದ್ದುವವನು ತಮ್ಮನ ಗೆಳೆಯ. ಆಗ ಅಣ್ಣನು “ನಾನು ನಡೆಸಿರಲಿಲ್ಲ” ಎಂದರೆ ನಡೆಯದು. ಸಂಜೆಗೆ ತರುವೆನೆಂದು ಒಯ್ದು ತನ್ನ ತಪ್ಪಿನಿಂದ ಮೂರು ದಿನ ಇಟ್ಟುಕೊಂಡವನೂ, ಆ ಮೂರು ದಿನಗಳಲ್ಲಿ ಆದ ನಷ್ಟಕ್ಕೆ ಹೊಣೆಗಾರನೇ.

ಕಾಯಿದೆ ಮಾಲೀಕನನ್ನೂ ಬಿಟ್ಟಿಲ್ಲ. ಒದೆಯುವ ಕುದುರೆಯೆಂದು ಗೊತ್ತಿದ್ದೂ ಹೇಳದೆ ಕೊಟ್ಟರೆ, ಬಿದ್ದವನ ಗಾಯಕ್ಕೆ ಕೊಟ್ಟವನೇ ಹೊಣೆ. ಬ್ರೇಕು ಎರಡು ಸಲ ಒತ್ತಿದರೆ ಹಿಡಿಯುತ್ತದೆ, ಟಯರು ನುಣ್ಣಗಾಗಿದೆ, ರಾತ್ರಿ ಒಂದೇ ದೀಪ ಉರಿಯುತ್ತದೆ ಎಂಬುದು ನಮಗೆ ಗೊತ್ತಿರುತ್ತದೆ. ಆ ಗಾಡಿಗೆ ಒಗ್ಗಿಹೋದ ನಮ್ಮ ಕಾಲಿಗೆ ಅದು ಕೊರತೆಯೆನಿಸುವುದಿಲ್ಲ. ಹೊಸಬನಿಗೆ ಅದೇ ಯಮಪಾಶ. ಗೊತ್ತಿದ್ದ ಕೊರತೆಯನ್ನು ಮುಚ್ಚಿಟ್ಟು ಗಾಡಿ ಕೊಟ್ಟವನು ಆಮೇಲೆ ಗೆಳೆಯನ ಹತ್ತಿರ ದುರಸ್ತಿಯ ಹಣ ಕೇಳುವುದು ನ್ಯಾಯವಲ್ಲ. ವಿಮೆಯ ಅವಧಿ ತೀರಿದ್ದನ್ನು ಹೇಳದೆ ಕೊಟ್ಟವನ ವಿಷಯದಲ್ಲೂ ನಮ್ಮ ಅಭಿಪ್ರಾಯ ಇದೇ. ವಿಮೆಯ ಕಂತು ತುಂಬುವುದು ಮಾಲೀಕನ ಕೆಲಸ.

ನಡೆಸಿದವನಿಗೇ ಏನಾದರೂ ಆದರೆ

ಇದು ಯಾರೂ ಯೋಚಿಸದ ಭಾಗ, ಮತ್ತು ಎಲ್ಲಕ್ಕಿಂತ ಕಷ್ಟದ ಭಾಗ. ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನಿಂದ ತನ್ನ ಊರಾದ ಗುಡೂರಿಗೆ ಹೋಗಲು ಒಬ್ಬನು ಮೋಟಾರ್ ಸೈಕಲ್ಲು ಎರವಲು ಪಡೆದನು. ದಾರಿಯಲ್ಲಿ ಕಬ್ಬಿಣದ ತಗಡು ಹೇರಿದ್ದ ಎತ್ತಿನ ಬಂಡಿ ಮುಂದೆ ಫಕ್ಕನೆ ನಿಂತಾಗ ಅದಕ್ಕೆ ಗುದ್ದಿ ಪ್ರಾಣ ಬಿಟ್ಟನು. ಮನೆಯವರು ಆ ಸೈಕಲ್ಲಿನ ವಿಮಾ ಕಂಪನಿಯಿಂದ, ತಪ್ಪು ಯಾರದೆಂದು ತೋರಿಸಬೇಕಾಗಿಲ್ಲದ ಕಲಮಿನಡಿ ಪರಿಹಾರ ಕೇಳಿದರು. ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಎರವಲು ಪಡೆದವನು ಮಾಲೀಕನ ಸ್ಥಾನದಲ್ಲಿಯೇ ನಿಲ್ಲುತ್ತಾನೆ, ತನ್ನ ಸಾವಿಗೆ ತಾನೇ ಕೊಡಬೇಕಾದವನಾಗಿ ತಾನೇ ಪಡೆಯುವವನಾಗಲಾರನು ಎಂಬ ಕಾರಣದಿಂದ 2009ರಲ್ಲಿ ಕೋರ್ಟು ಆ ಕಲಮಿನಡಿಯ ಬೇಡಿಕೆಯನ್ನು ಒಪ್ಪಲಿಲ್ಲ. ಬೇರೆ ಕಲಮಿನಡಿ ನೋಡಲು ಹೈಕೋರ್ಟಿಗೆ ಮರಳಿಸಿತು. 2020ರಲ್ಲಿ ಇಂಥದೇ ಇನ್ನೊಂದು ಮೊಕದ್ದಮೆಯಲ್ಲಿ, ಪಾಲಿಸಿಯೊಳಗಿನ ವೈಯಕ್ತಿಕ ಅಪಘಾತದ ಕರಾರಿನಂತೆ 1 ಲಕ್ಷ ರೂಪಾಯಿ ಮಾತ್ರ ಕುಟುಂಬಕ್ಕೆ ದೊರೆಯಿತು. ತಪ್ಪು ಎದುರಿನ ಗಾಡಿಯದಾಗಿದ್ದರೆ ಆ ಗಾಡಿಯ ಮಾಲೀಕನನ್ನೂ ವಿಮೆಯವರನ್ನೂ ಕೇಳಬೇಕೇ ಹೊರತು ಎರವಲು ಗಾಡಿಯವರನ್ನಲ್ಲ.

ಮಾಲೀಕನಿಗೆ 15 ಲಕ್ಷ ರೂಪಾಯಿಯ ವೈಯಕ್ತಿಕ ಅಪಘಾತ ವಿಮೆ ಉಂಟು. ಅದು ಮಾಲೀಕನು ತಾನೇ ನಡೆಸುವಾಗಿನ ಮಾತು, ಗೆಳೆಯನಿಗೆ ಅದರ ನೆರಳಿಲ್ಲ. ಆದುದರಿಂದ ಎರವಲು ಗಾಡಿ ನಡೆಸುವ ಪ್ರತಿಯೊಬ್ಬನೂ ತನ್ನ ಹೆಸರಿನಲ್ಲಿ ಒಂದು ಅಪಘಾತ ವಿಮೆ ಇಟ್ಟುಕೊಳ್ಳಬೇಕು. ಬ್ಯಾಂಕಿನಲ್ಲಿ ಖಾತೆಯಿದ್ದ 18ರಿಂದ 70 ವಯಸ್ಸಿನವರಿಗೆ ಪ್ರಧಾನಮಂತ್ರಿ ಸುರಕ್ಷಾ ವಿಮಾ ಯೋಜನೆಯಲ್ಲಿ ವರ್ಷಕ್ಕೆ 20 ರೂಪಾಯಿಗೆ 2 ಲಕ್ಷ ರೂಪಾಯಿಯ ಅಪಘಾತ ವಿಮೆ ಸಿಗುತ್ತದೆ. ಎರಡು ಸಲದ ಚಹದ ರೊಕ್ಕ ಅದು.

ಗಡಿ ದಾಟಿದ ಮೇಲೆ

ಜತ್ತ, ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರದ ಭಾಗದ ನಮಗೆ ಗಡಿಯ ಆಚೆ ಈಚೆ ಎಂಬುದು ನಕಾಶೆಯ ಮಾತು. ಹೊಲ ಇಲ್ಲಿ, ಬೀಗರು ಇಂಡಿಯಲ್ಲಿ, ಪೇಟೆ ವಿಜಯಪುರದಲ್ಲಿ. ಗಾಡಿ ನಮ್ಮಲ್ಲಿ ನೋಂದಣಿಯಾದದ್ದು, ಅಪಘಾತ ಆಚೆ ಆಯಿತು, ವಿಮೆ ನಡೆಯುವುದೋ ಇಲ್ಲವೋ ಎಂದು ಕೆಲವರು ಅಂಜುತ್ತಾರೆ. ಅಂಜಬೇಕಾಗಿಲ್ಲ. ಮೋಟಾರು ಕಾಯಿದೆಯೂ ಕರಾರು ಕಾಯಿದೆಯೂ ಕೇಂದ್ರದವು, ಎರಡೂ ಕಡೆ ಒಂದೇ. ವಿಮೆ ಭಾರತದ ತುಂಬ ನಡೆಯುತ್ತದೆ. ಆದರೆ ಒಂದನ್ನು ತಿಳಿದಿರಬೇಕು. ಗಾಯಗೊಂಡವನು ಅಪಘಾತವಾದ ಸ್ಥಳದಲ್ಲಾಗಲಿ, ತಾನು ಇರುವ ಊರಿನ ಕಡೆಯಾಗಲಿ, ಎದುರಾಳಿ ಇರುವ ಕಡೆಯಾಗಲಿ ದಾವೆ ಹೂಡಬಹುದು. ಸೊಲ್ಲಾಪುರ ಜಿಲ್ಲೆಯ ಮಾಲೀಕನು ವಿಜಯಪುರಕ್ಕೆ ತಾರೀಖಿನ ಮೇಲೆ ತಾರೀಖು ತಿರುಗಬೇಕಾಗಿ ಬರಬಹುದು.

ಇನ್ನೊಂದು ತೊಡಕು ಭಾಷೆಯದು. ಪಂಚನಾಮೆ ಈಚೆ ಮರಾಠಿಯಲ್ಲಿ, ಆಚೆ ಕನ್ನಡದಲ್ಲಿ, ಪಾಲಿಸಿ ಇಂಗ್ಲಿಷಿನಲ್ಲಿ. ಓದಲು ಬಾರದ ಕಾಗದಕ್ಕೆ ಅವಸರದಿಂದ ಸಹಿ ಹಾಕಬೇಡಿರಿ. ಓದಿಸಿ ಕೇಳಿ, ಅರ್ಥವಾದ ಮೇಲೆ ಸಹಿ ಮಾಡಿರಿ. ದೂರು ಕೊಟ್ಟವನಿಗೆ ಎಫ್‌ಐಆರ್ ನಕಲು ಪುಕ್ಕಟೆಯಾಗಿ ಸಿಗಬೇಕು, ಕೇಳಿ ಪಡೆಯಿರಿ. ಗಾಯಗೊಂಡವನನ್ನು ಮೊದಲು ಆಸ್ಪತ್ರೆಗೆ ಸೇರಿಸುವುದು, 24 ತಾಸಿನೊಳಗೆ ಪೊಲೀಸರಿಗೆ ತಿಳಿಸುವುದು, ವಿಮಾ ಕಂಪನಿಗೆ ಬರೆದು ತಿಳಿಸುವುದು, ಇವು ನಡೆಸಿದವನ ಕರ್ತವ್ಯಗಳು. ಹೆದರಿ ಓಡಿಹೋಗುವುದು ಮನುಷ್ಯತ್ವವೂ ಅಲ್ಲ, ಜಾಣತನವೂ ಅಲ್ಲ. ದಾರಿಯಲ್ಲಿಯೇ ಹತ್ತು ಸಾವಿರ ಕೊಟ್ಟು, ತಪ್ಪು ನಮ್ಮದೇ ಎಂದು ಬರೆದುಕೊಟ್ಟು ಮುಗಿಸುವುದೂ ಬೇಡ. ಕಂಪನಿಯ ಲಿಖಿತ ಒಪ್ಪಿಗೆಯಿಲ್ಲದೆ ಹಾಗೆ ಮಾಡುವುದು ಪಾಲಿಸಿಯ ಕರಾರಿಗೆ ವಿರುದ್ಧ.

ಚಾವಿ ಕೊಡುವ ಮುನ್ನ

ಹಾಗಾದರೆ ಎರವಲನ್ನೇ ನಿಲ್ಲಿಸಿಬಿಡೋಣವೇ? ಹಾಗೆಂದು ಹೇಳುವವರೂ ಇದ್ದಾರೆ. ನಾವು ಒಪ್ಪುವುದಿಲ್ಲ. ಎರಡು ಎಕರೆಯವನು ಟ್ರ್ಯಾಕ್ಟರು ಕೊಳ್ಳಲಾರನು. ನಡುರಾತ್ರಿ ಹೆರಿಗೆ ನೋವು ಬಂದ ಮನೆಯವರು ಗಾಡಿ ಬಾಡಿಗೆ ಹುಡುಕುತ್ತ ಕೂಡಲಾರರು. ಎರವಲು ನಿಂತರೆ ಹಳ್ಳಿ ಹಳ್ಳಿಯಾಗಿ ಉಳಿಯದು. ನಿಲ್ಲಬೇಕಾದುದು ಎರವಲಲ್ಲ, ಮಾತಾಡದೆ ಕೊಡುವ ಸಂಕೋಚ.

ಚಾವಿ ಕೈ ಬದಲಾಗುವ ಮುನ್ನ ಐದು ಮಾತು ಆಗಲಿ. ಲೈಸೆನ್ಸ್ ತೋರಿಸು, ತಾರೀಖು ನೋಡೋಣ. ವಿಮೆಯ ತಾರೀಖು ಇದೋ ಇಷ್ಟು, ನೀನೂ ನೋಡಿಕೋ. ಎಲ್ಲಿಗೆ, ಏತಕ್ಕೆ, ನಡೆಸುವವರು ಯಾರು, ತರುವುದು ಯಾವಾಗ? ಗಾಡಿಯಲ್ಲಿ ಈ ಈ ಕೊರತೆಗಳಿವೆ. ಮತ್ತು ಕಡೆಯದಾಗಿ, ಏನಾದರೂ ಆದರೆ ವಿಮೆ ಕೊಟ್ಟು ಉಳಿದ ಖರ್ಚನ್ನು ಯಾರು ಹೊರಬೇಕು?

ಈ ಕಡೆಯ ಮಾತಿಗೆ ನಮ್ಮ ಸಲಹೆ ಹೀಗಿದೆ. ನಡೆಸಿದವನ ತಪ್ಪಿದ್ದರೆ ವಿಮೆಯಿಂದ ಬಾರದ ಭಾಗವೂ ತಪ್ಪಿದ ರಿಯಾಯಿತಿಯೂ ಅವನವು. ದುರಸ್ತಿಗೆ 40,000 ರೂಪಾಯಿ ಬಿದ್ದು ಕಂಪನಿ 30,000 ಕೊಟ್ಟಿತು, ಮರುವರ್ಷದ ಕಂತು 3,000 ಏರಿತು ಎಂದುಕೊಳ್ಳಿರಿ. ಆಗ ಗೆಳೆಯನ ಪಾಲು 13,000. ಯಾರ ತಪ್ಪೂ ಇಲ್ಲದಿದ್ದರೆ ಕಾಯಿದೆಯಂತೆ ನಷ್ಟ ಮಾಲೀಕನದೇ. ಆದರೂ ಅರ್ಧ ಕೊಡುತ್ತೇನೆಂದು ಗೆಳೆಯನು ಮುಂಚೆಯೇ ಒಪ್ಪಿದರೆ ಅದೂ ಒಳ್ಳೆಯ ಕರಾರು. ಇದನ್ನು ಒಂದು ಚೀಟಿಯಲ್ಲಿ ಎರಡು ಸಾಲು ಬರೆದು ಇಬ್ಬರೂ ಸಹಿ ಹಾಕಬಹುದು. ಮನಸ್ಸು ಒಪ್ಪದಿದ್ದರೆ ಮನೆಯ ಹಿರಿಯರೊಬ್ಬರ ಮುಂದೆ ಬಾಯಿಮಾತಿನಲ್ಲಾದರೂ ಆಗಲಿ. ಆದರೆ ಈ ಚೀಟಿ ಗೆಳೆಯರಿಬ್ಬರ ನಡುವಿನದು ಮಾತ್ರ. ಗಾಯಗೊಂಡವನ ಹಕ್ಕನ್ನು ಅದು ತಡೆಯಲಾರದು.

ಗೆಳೆಯನ ಲೈಸೆನ್ಸ್ ಕೇಳಿದರೆ ಅವನಿಗೆ ಸಿಟ್ಟು ಬಂದೀತು ಎಂಬ ಅಳುಕು ನಮಗೂ ಇತ್ತು. ಅಂದು ಆ ಒಂದು ಮಾತು ಕೇಳಿದ್ದರೆ ಅವನು ಒಂದು ಗಳಿಗೆ ಮುಖ ಊದಿಸಿಕೊಳ್ಳುತ್ತಿದ್ದನು. ಬಹುಶಃ ಲೈಸೆನ್ಸಿದ್ದ ಇನ್ನೊಬ್ಬನನ್ನು ಕರೆದುಕೊಂಡು ಹೋಗುತ್ತಿದ್ದನು. ಕೇಳದೆ ಹೋದುದರಿಂದ ಬದುವಿನ ಎರಡು ಕಡೆ ಆರು ತಿಂಗಳು ಮೌನ ಬೆಳೆಯಿತು. ಕೆಟ್ಟ ಮೇಲೆ ಬುದ್ಧಿ ಬಂತು ಎಂಬಂತೆ ಈಗ ನಮ್ಮ ಮನೆಯಲ್ಲಿ ಕಾರಿನ ಚಾವಿಯನ್ನು ವಿಮೆಯ ಕಾಗದದೊಡನೆ ಒಂದೇ ಚೀಲದಲ್ಲಿ ಇಟ್ಟಿದ್ದೇವೆ. ಕೇಳಿದವರಿಗೆ ಈಗಲೂ ಕೊಡುತ್ತೇವೆ. ಹೋದ ತಿಂಗಳು ಅದೇ ಗೆಳೆಯನು ಮತ್ತೆ ಕಾರು ಕೇಳಲು ಬಂದನು. ನಾವು ಬಾಯಿ ತೆರೆಯುವ ಮೊದಲೇ ಹೊಸ ಲೈಸೆನ್ಸನ್ನು ಕಿಸೆಯಿಂದ ತೆಗೆದು ಕಟ್ಟೆಯ ಮೇಲೆ ಇಟ್ಟನು.